ರೋಹಿಣಿ ಮಳೆ ಸುರಿಯುವಾಗ ರೋಹಿಣಿ ಎಲ್ಲಿರುತ್ತಾಳೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದೇನೆ. ನಾವು ಹನ್ನೊಂದು ವಿದ್ಯಾರ್ಥಿಗಳು ಸೇರಿ ಒಂದು ಖಗೋಳ ಸಂಘ ಮಾಡಿಕೊಂಡಿದ್ದೇವೆ. ಊರಿನ ಜನರಿಗಾಗಿ ತಿಂಗಳಿಗೊಂದು ಉಪನ್ಯಾಸ ಇಡಬೇಕು ಅಂತ ಆಸೆ. ಮೊದಲನೆಯದಕ್ಕೆ ಸಭಾಂಗಣ ತುಂಬಿತ್ತು, ಯಾಕೆಂದರೆ ಬಂದವರಿಗೆ ಹಾಜರಾತಿ ಕೊಟ್ಟಿದ್ದರು. ಎರಡನೆಯದು ‘ಬ್ಲ್ಯಾಕ್ ಹೋಲ್’ ಬಗ್ಗೆ. ಬಂದವರು ಒಂಬತ್ತೇ ಜನ, ಅದರಲ್ಲಿ ಐವರು ನಮ್ಮವರೇ. ನಮ್ಮ ಹತ್ತಿರ ಆರು ಇಂಚಿನ ಒಂದು ದೂರದರ್ಶಕ ಇದೆ. ಜನ ಬರುವ ಹಾಗೆ ಏನು ಮಾಡಬೇಕು? ಕನ್ನಡದಲ್ಲೇ ಮಾತಾಡಿದರೆ ವಿಷಯ ತೆಳುವಾಗುವುದಿಲ್ಲವೇ? ಜನ್ಮನಕ್ಷತ್ರ, ಗ್ರಹಣದ ಸೂತಕ ಅಂತ ಕೇಳಿದರೆ ಏನು ಹೇಳಬೇಕು?

ಉತ್ತರ: ಮೊದಲು ನಾನೇ ಒಂದು ಕೇಳುತ್ತೇನೆ. ಹೊರಗಿನಿಂದ ನಾಲ್ಕು ಜನ ಬಂದಿದ್ದರಲ್ಲ, ಅವರು ಯಾರು, ಏನು ಕೇಳಬೇಕು ಅಂತ ಬಂದಿದ್ದರು ಅಂತ ವಿಚಾರಿಸಿದಿರಾ? ಹಾಜರಾತಿಗೆ ಬಂದು ಕೂತ ತುಂಬಿದ ಸಭೆಗಿಂತ ಆ ನಾಲ್ಕು ಜನ ನಿಮಗೆ ಮುಖ್ಯ. ಸಂಜೆ ಹೊತ್ತು ಮನೆ ಕೆಲಸ ಬಿಟ್ಟು, ಆಟೋನೋ ಬಸ್ಸೋ ಹಿಡಿದು, ಯಾರ ಒತ್ತಾಯವೂ ಇಲ್ಲದೆ ಬಂದವರು ಅವರು. ಅವರ ಫೋನ್ ನಂಬರ್ ತೆಗೆದುಕೊಂಡಿಲ್ಲ ಅಂದರೆ ಈಗಲೇ ಹುಡುಕಿ. ಮೂರನೇ ಕಾರ್ಯಕ್ರಮ ಅವರಿಂದಲೇ ಶುರುವಾಗಲಿ.

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಶಾಲೆ ಅಂಗಳ, ಗುಡಿ ಕಟ್ಟೆ, ಹಾಸ್ಟೆಲ್ ತಾರಸಿ ಅಂತ ಸಿಕ್ಕ ಸಿಕ್ಕಲ್ಲಿ ಆಕಾಶದ ಬಗ್ಗೆ ಮಾತಾಡಿದ್ದೇನೆ. ಮೊದಮೊದಲು ನಾನೂ ನಿಮ್ಮ ಹಾಗೇ ದೊಡ್ಡ ದೊಡ್ಡ ವಿಷಯ ಆರಿಸಿಕೊಳ್ಳುತ್ತಿದ್ದೆ. ನಕ್ಷತ್ರಗಳ ಹುಟ್ಟು ಸಾವು, ಮಹಾಸ್ಫೋಟ, ಹೀಗೆ. ಜನ ಮರ್ಯಾದೆಗೆ ಕೂತಿರುತ್ತಿದ್ದರು. ಇದನ್ನು ಬದಲಾಯಿಸಿದ್ದು ಒಬ್ಬ ಅಜ್ಜಿ.

ಚಳ್ಳಕೆರೆ ಕಡೆಯ ಒಂದು ಹಳ್ಳಿ. ಜನವರಿ ಕೊನೆ. ಶಾಲೆ ಅಂಗಳದಲ್ಲಿ ಪರದೆ ಕಟ್ಟಿ ಪ್ರೊಜೆಕ್ಟರ್ ಹಚ್ಚಿದ್ದೆ. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಕರೆಂಟ್ ಹೋಯಿತು. ಇಡೀ ಊರು ಕತ್ತಲಾಯಿತು. ನಾನು ಏನು ಮಾಡುವುದು ಅಂತ ನಿಂತಿದ್ದಾಗ ಕಂಬಳಿ ಹೊದ್ದು ಮುಂದೆ ಕೂತಿದ್ದ ಅಜ್ಜಿ ಕೇಳಿದರು: “ಮೇಷ್ಟ್ರೇ, ರೋಹಿಣಿ ಮಳೆ ಅಂತೀವಲ್ಲ, ಆ ರೋಹಿಣಿ ಎಲ್ಲೈತೆ, ತೋರ್ಸಪ್ಪ.”

ರಾತ್ರಿ ಎಂಟೂವರೆ. ರೋಹಿಣಿ ಹೆಚ್ಚುಕಮ್ಮಿ ನಮ್ಮ ನೆತ್ತಿಯ ಮೇಲೇ ಇತ್ತು. ಒಂದೇ ಸಾಲಿನಲ್ಲಿರುವ ಮೃಗಶಿರದ ಮೂರು ನಕ್ಷತ್ರ ತೋರಿಸಿದೆ. ಆ ಸಾಲಿನ ದಾರಿ ಹಿಡಿದು ಮೇಲೆ ಹೋಗಿ, ಕೆಂಪಗೆ ಒಂದು ಸಿಗುತ್ತದೆ, ಅದೇ ರೋಹಿಣಿ ಅಂದೆ. ಅದರಾಚೆ ಗುಂಪಾಗಿರುವುದು ಕೃತ್ತಿಕೆ, ಈಚೆ ಕೆಳಗೆ ಕೆಂಪಗಿರುವುದು ಆರಿದ್ರೆ. ಅಜ್ಜಿ ಕತ್ತೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಹಂಗಾರೆ ಮಳೆ ಬರೋವಾಗ ಇವಳು ಎಲ್ಲಿರ್ತಾಳೆ?”

ಇಂಥ ಒಳ್ಳೆಯ ಪ್ರಶ್ನೆಯನ್ನು ನನ್ನ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಉತ್ತರ ಇಷ್ಟು: ರೋಹಿಣಿ ಮಳೆ ಬರುವಾಗ ರೋಹಿಣಿ ಕಾಣುವುದೇ ಇಲ್ಲ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿ ಇರುತ್ತಾನೆ, ಅದಕ್ಕೇ ಆ ಮಳೆಗೆ ಆ ಹೆಸರು. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹೂಡುತ್ತದೆ. ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರೆ. ಆಕಾಶದ ಸುತ್ತನ್ನು 27 ಪಾಲು ಮಾಡಿದರೆ ಒಂದೊಂದು ಪಾಲು 13 ಡಿಗ್ರಿ ಚಿಲ್ಲರೆ. ಸೂರ್ಯ ದಿನಕ್ಕೆ ಹತ್ತಿರಹತ್ತಿರ ಒಂದು ಡಿಗ್ರಿ ಸರಿಯುತ್ತಾನೆ. ಹಾಗಾಗಿ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಆಗ ಆ ನಕ್ಷತ್ರ ಹಗಲಲ್ಲಿ, ಸೂರ್ಯನ ಬೆಳಕಿನ ಹಿಂದೆ ಇರುತ್ತದೆ. ಹೈವೇಯಲ್ಲಿ ಎದುರಿಗೆ ಬರುವ ಲಾರಿಯ ಹೆಡ್‌ಲೈಟ್ ಪಕ್ಕ ಮಿಣುಕುಹುಳ ಹಾರಿದರೆ ಕಾಣುತ್ತಾ? ಹಾಗೆ. ಆರು ತಿಂಗಳು ಕಳೆದು, ನಾವು ಸೂರ್ಯನ ಆಚೆ ಬದಿಗೆ ಬಂದಾಗ, ಅದೇ ರೋಹಿಣಿ ರಾತ್ರಿ ಇಡೀ ಕಾಣುತ್ತದೆ.

ಆ ರಾತ್ರಿ ಒಂಬತ್ತೂವರೆವರೆಗೂ ಯಾರೂ ಎದ್ದು ಹೋಗಲಿಲ್ಲ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂತ ಗಾದೆ ಹೇಳುವ ಜನಕ್ಕೆ ಆ ಗಾದೆಯ ಹಿಂದೆ ಭೂಮಿ ಸೂರ್ಯನನ್ನು ಸುತ್ತುವ ಲೆಕ್ಕ ಇದೆ ಅಂತ ಮೊದಲ ಸಲ ಗೊತ್ತಾಗಿತ್ತು. ನನಗೂ ಒಂದು ಗೊತ್ತಾಯಿತು. ನಮ್ಮ ಜನರಿಗೆ ಆಕಾಶ ಹೊಸದಲ್ಲ. ಮಳೆ, ಪಂಚಾಂಗ, ಜಾತಕ, ಮದುವೆ ಮುಹೂರ್ತ ಅಂತ ದಿನಾ ನಕ್ಷತ್ರದ ಹೆಸರು ಹೇಳುತ್ತಾರೆ. ಆದರೆ ಆ ಹೆಸರು ಯಾವ ಚುಕ್ಕಿಯದು ಅಂತ ಯಾರೂ ಅವರಿಗೆ ತೋರಿಸಿಲ್ಲ. ಆ ಕೆಲಸ ನೀವು ಮಾಡಿ. ಬ್ಲ್ಯಾಕ್ ಹೋಲ್ ಆಮೇಲೆ ತಾನಾಗೇ ಬರುತ್ತದೆ.

ಆದ್ದರಿಂದ ನಿಮ್ಮ ಮುಂದಿನ ಉಪನ್ಯಾಸದ ಹೆಸರು ‘ಮಳೆ ನಕ್ಷತ್ರಗಳು’ ಅಂತ ಇಡಿ. ಮಾಯಕೊಂಡದಿಂದಲೂ ಜಗಳೂರಿನಿಂದಲೂ ರೈತರು ಬರುವ ವಿಷಯ ಅದು. ಮಾಡುವ ಬಗೆ ಹೇಳುತ್ತೇನೆ. 27 ಜನರನ್ನು ಅಗಲವಾಗಿ ಸುತ್ತು ನಿಲ್ಲಿಸಿ. ಒಬ್ಬೊಬ್ಬರ ಕೈಗೂ ಒಂದೊಂದು ನಕ್ಷತ್ರದ ಹೆಸರು ಬರೆದ ರಟ್ಟು ಕೊಡಿ. ನಡುವೆ ಒಂದು ದೀಪ, ಅದು ಸೂರ್ಯ. ದೀಪದ ಸುತ್ತ ಒಬ್ಬ ಹುಡುಗ ನಿಧಾನ ನಡೆಯಲಿ, ಅವನು ಭೂಮಿ. ಅವನು ದೀಪದ ಕಡೆ ಮುಖ ಮಾಡಿದಾಗ ದೀಪದ ಹಿಂದೆ ಯಾರು ನಿಂತಿದ್ದಾರೋ ಅದು ಆಗಿನ ಮಳೆ. ದೀಪಕ್ಕೆ ಬೆನ್ನು ಮಾಡಿದಾಗ ಎದುರಿಗೆ ಯಾರು ಕಾಣುತ್ತಾರೋ ಅದು ನಡುರಾತ್ರಿ ಕಾಣುವ ನಕ್ಷತ್ರ. ಎರಡು ಸುತ್ತು ಬರುವಷ್ಟರಲ್ಲಿ ಆರನೇ ಕ್ಲಾಸಿನ ಮಕ್ಕಳೂ ಮುಂದಿನ ಮಳೆ ಹೇಳುತ್ತಾರೆ. ಇದಕ್ಕೆ ಪ್ರೊಜೆಕ್ಟರೂ ಬೇಡ, ಕರೆಂಟೂ ಬೇಡ.

ಕನ್ನಡದಲ್ಲಿ ವಿಷಯ ತೆಳುವಾಗುತ್ತಾ ಅಂತ ಕೇಳಿದಿರಿ. ಇಲ್ಲ, ಗಟ್ಟಿಯಾಗುತ್ತದೆ. ರೋಹಿಣಿಯ ಇಂಗ್ಲಿಷ್ ಹೆಸರು ಆಲ್ಡೆಬರಾನ್, ಅದು ನಮ್ಮ ಊರಿನವರಿಗೆ ಬರೀ ಒಂದು ಶಬ್ದ. ರೋಹಿಣಿ ಅಂದರೆ ಮಳೆ ಇದೆ, ಜೋಳ ಇದೆ, ಅತ್ತಿಗೆಯ ಹೆಸರಿದೆ. ಇನ್ನು ಪರಿಭಾಷೆ ವಿಷಯ. ಜನ ಟೆಲಿಸ್ಕೋಪ್, ರಾಕೆಟ್, ಸ್ಯಾಟಲೈಟ್ ಅನ್ನುತ್ತಾರೆ, ನೀವೂ ಅನ್ನಿ. ಹೊಸ ಸಂಸ್ಕೃತ ಪದ ಹುಡುಕಿ ತರಬೇಡಿ. ಆದರೆ ಇಂಗ್ಲಿಷ್ ಪದ ಬಂದಾಗ ಒಂದು ಕ್ಷಣ ನಿಂತು ಅದೇನು ಅಂತ ಹೇಳಿ. ನಿಮಗೆ ಕನ್ನಡದಲ್ಲಿ ಹೇಳಲು ಬರುತ್ತಿಲ್ಲ ಅಂದರೆ ಬಹುತೇಕ ಸಲ ಆ ವಿಷಯ ನಿಮಗೇ ಇನ್ನೂ ಪೂರ್ತಿ ಗೊತ್ತಾಗಿಲ್ಲ ಅಂತ ಅರ್ಥ. ನನ್ನ ಎಷ್ಟೋ ಗೊಂದಲ ಬಿಡಿಸಿದ್ದು ಕನ್ನಡದಲ್ಲಿ ಮಾತಾಡಬೇಕಾಗಿ ಬಂದದ್ದೇ.

ಜ್ಯೋತಿರ್ವರ್ಷ ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಬೆಳಕು ಒಂದು ವರ್ಷದಲ್ಲಿ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್ ಹೋಗುತ್ತದೆ ಅಂದರೆ ಯಾರ ತಲೆಗೂ ಹೋಗುವುದಿಲ್ಲ. ನಾನು ವಯಸ್ಸು ಕೇಳುತ್ತೇನೆ. ಎಂಟೂವರೆ ವರ್ಷದ ಮಗು ಇದ್ದರೆ ಲುಬ್ಧಕ ತೋರಿಸುತ್ತೇನೆ, ಅದು 8.6 ಜ್ಯೋತಿರ್ವರ್ಷ ದೂರ. “ಪುಟ್ಟಾ, ನೀನು ಹುಟ್ಟಿದಾಗ ಅಲ್ಲಿಂದ ಹೊರಟ ಬೆಳಕು ಈಗ ನಿನ್ನ ಕಣ್ಣಿಗೆ ಬಂತು” ಅನ್ನುತ್ತೇನೆ. ಪಿಯುಸಿ ಹುಡುಗರಿಗೆ ಶ್ರವಣ, ಸುಮಾರು 17. ಕೆಲಸ ಹುಡುಕುತ್ತಿರುವ ಹುಡುಗಿಗೆ ಅಭಿಜಿತ್, 25. ಅವರ ತಂದೆ ತಾಯಿಗೆ ಸ್ವಾತಿ, 37. ಅರವತ್ತೈದರ ಅಜ್ಜ ಅಜ್ಜಿಗೆ ಮತ್ತೆ ರೋಹಿಣಿಯೇ. ಎಲ್ಲವೂ ಒಂದೇ ರಾತ್ರಿ ಕಾಣುವುದಿಲ್ಲ, ಆಯಾ ಕಾಲಕ್ಕೆ ಯಾವುದು ಮೇಲಿದೆಯೋ ಅದನ್ನು ತೋರಿಸಿ. ತನ್ನ ವಯಸ್ಸಿನ ಬೆಳಕು ನೋಡಿದವರು ಅದನ್ನು ಮನೆಗೆ ಹೋಗಿ ಹೇಳದೆ ಇರುವುದಿಲ್ಲ.

ಜನ್ಮನಕ್ಷತ್ರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. “ನನ್ನದು ಮಘಾ ನಕ್ಷತ್ರ, ಹೇಗಿದೆ ಈಗ?” ಅಂತ ಖಂಡಿತ ಕೇಳುತ್ತಾರೆ. ಮುಖ ಸಿಂಡರಿಸಬೇಡಿ. ಮೂಢನಂಬಿಕೆ ಅಂತ ಭಾಷಣ ಶುರುಮಾಡಿದರೆ ಅವರು ಮತ್ತೆ ಬರುವುದಿಲ್ಲ. ಮಘೆಯನ್ನು ತೋರಿಸಿ. ನೀವು ಹುಟ್ಟಿದ ದಿನ ಚಂದ್ರ ಈ ನಕ್ಷತ್ರದ ಪಾಲಿನಲ್ಲಿದ್ದ, ಅಷ್ಟು ಅದರ ಅರ್ಥ ಅಂತ ಹೇಳಿ. ಚಂದ್ರ ಸುಮಾರು 27 ದಿನಕ್ಕೆ ಒಂದು ಸುತ್ತು ಬರುತ್ತಾನೆ, ದಿನಕ್ಕೊಂದು ನಕ್ಷತ್ರದ ಲೆಕ್ಕ ಅಲ್ಲಿಂದ ಬಂತು. ಆಮೇಲೆ, “ಇದರಿಂದ ನನ್ನ ಮದುವೆ, ಕೆಲಸ ತೀರ್ಮಾನ ಆಗುತ್ತಾ?” ಅಂತ ಕೇಳಿದರೆ ನೇರವಾಗಿ ಇಲ್ಲ ಅನ್ನಿ. ಅದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ ಅನ್ನಿ. ಇದರಲ್ಲಿ ಹಿಂದೆಮುಂದೆ ನೋಡಬೇಡಿ. ಮೊದಲು ನಕ್ಷತ್ರ ತೋರಿಸಿ, ಆಮೇಲೆ ಇಲ್ಲ ಅಂದರೆ ಜನ ಕೇಳುತ್ತಾರೆ. ಮೊದಲೇ ಇಲ್ಲ ಅಂದರೆ ಕೇಳುವುದಿಲ್ಲ.

ಗ್ರಹಣದ ವಿಷಯ ಸ್ವಲ್ಪ ಬೇರೆ. ಅಲ್ಲಿ ಭಯ ಇದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಮಂಗಳೂರು ಕಡೆ ಕಂಕಣವಾಗಿ ಕಂಡಿತು, ನಮ್ಮಲ್ಲಿ ಭಾಗಶಃ. ಅವತ್ತು ಬೆಳಿಗ್ಗೆ ನಮ್ಮ ಬೀದಿ ಖಾಲಿ. ನಾನು ಪಕ್ಕದ ಮನೆಗೆ ಹೋದೆ. ಬಾಗಿಲು ಹಾಕಿಕೊಂಡು ಎಲ್ಲರೂ ಒಳಗೇ ಕೂತಿದ್ದರು. ಅವರ ಹಿತ್ತಲ ಕೋಣೆಗೆ ತಗಡಿನ ಶೀಟು. ಅದರಲ್ಲಿ ಮೊಳೆ ಹೊಡೆದ ತೂತುಗಳು. ಆ ತೂತುಗಳಿಂದ ಬಿಸಿಲು ಬಿದ್ದು ಗೋಡೆಯ ಮೇಲೆ ಏಳೆಂಟು ಪುಟ್ಟ ಪುಟ್ಟ ಕುಡುಗೋಲು ಮೂಡಿದ್ದವು. ನೋಡಿ, ಗ್ರಹಣ ನಿಮ್ಮ ಮನೆ ಒಳಗೇ ಬಂದಿದೆ ಅಂದೆ. ಆ ಮನೆಯ ಸೊಸೆ ಆಗ ಬಸುರಿ. ಅವರು ಗೋಡೆ ಹತ್ತಿರ ಬಂದು ಆ ಬೆಳಕಿನ ಮೇಲೆ ಕೈ ಇಟ್ಟು ನೋಡಿದರು. ಕೈ ಮೇಲೂ ಅದೇ ಕುಡುಗೋಲು. ಆಮೇಲೆ ಅಡುಗೆಮನೆಯಿಂದ ಜರಡಿ ತಂದು ಅಂಗಳದಲ್ಲಿ ಹಿಡಿದೆವು. ನೂರಾರು ಗ್ರಹಣ ನೆಲದ ಮೇಲೆ. ಆ ಮಗುವಿಗೆ ಈಗ ಶಾಲೆಗೆ ಹೋಗುವ ವಯಸ್ಸು, ಚೆನ್ನಾಗಿದೆ.

ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ನೆರಳು ಮುಚ್ಚುತ್ತದೆ ಅಂತ ಆರ್ಯಭಟ ಕ್ರಿ.ಶ. 499ರ ಸುಮಾರಿಗೇ ಬರೆದಿಟ್ಟಿದ್ದಾನೆ. ಇದನ್ನು ತಪ್ಪದೆ ಹೇಳಿ. ಹಿರಿಯರು ಇದನ್ನು ಗೌರವದಿಂದ ಕೇಳುತ್ತಾರೆ. ಮುಂದಕ್ಕೊಂದು ದಿನ ಗುರುತು ಹಾಕಿಕೊಳ್ಳಿ: 2028ರ ಡಿಸೆಂಬರ್ 31. ಅವತ್ತು ರಾತ್ರಿ ಹತ್ತು ಗಂಟೆ ಆಸುಪಾಸಿನಲ್ಲಿ ಪೂರ್ಣ ಚಂದ್ರಗ್ರಹಣ, ನಮ್ಮಲ್ಲಿ ಪೂರ್ತಿ ಕಾಣುತ್ತದೆ. ಚಳಿಗಾಲ, ಮೋಡದ ಭಯ ಕಡಿಮೆ. ಹೊಸ ವರ್ಷಕ್ಕೆ ಎಲ್ಲರೂ ಎಚ್ಚರ ಇರುವ ರಾತ್ರಿ. ಚಂದ್ರಗ್ರಹಣಕ್ಕೆ ಕನ್ನಡಕವೂ ಬೇಡ. ಸೂರ್ಯಗ್ರಹಣಕ್ಕೆ ಮಾತ್ರ ದೂರದರ್ಶಕದ ಮುಂದಿನ ಬಾಯಿಗೆ ಸರಿಯಾದ ಸೋಲಾರ್ ಫಿಲ್ಟರ್ ಇಲ್ಲದೆ ಅದನ್ನು ಸೂರ್ಯನ ಕಡೆ ತಿರುಗಿಸಲೇಬೇಡಿ. ಕಣ್ಣಿಡುವ ಕಡೆ ತಿರುಗಿಸಿ ಹಾಕುವ ಸಣ್ಣ ಫಿಲ್ಟರ್ ಕಾವಿಗೆ ಸೀಳುತ್ತದೆ. ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಈಗ ಕಾರ್ಯಕ್ರಮದ ರೀತಿ. ಇದನ್ನು ಬೇಸರದಿಂದಲೇ ಹೇಳುತ್ತೇನೆ. ಒಂದು ಕಾಲೇಜಿಗೆ ಸಂಜೆ ಆರಕ್ಕೆ ಕರೆದಿದ್ದರು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ವೇದಿಕೆ ಮೇಲಿದ್ದ ಒಂಬತ್ತು ಜನರಿಗೂ ಹಾರ ಶಾಲು, ಅವರಲ್ಲಿ ಐವರ ಭಾಷಣ. ನನ್ನ ಸರದಿ ಬಂದಾಗ ಏಳೂ ಮುಕ್ಕಾಲು. ಹಳ್ಳಿಯಿಂದ ಬಂದಿದ್ದ ಹುಡುಗಿಯರು ಕೊನೇ ಬಸ್ಸಿಗೆ ಎದ್ದು ಹೋದರು. ಅವರು ಬಂದಿದ್ದೇ ಶನಿಯ ಬಳೆ ನೋಡಲು. ಹೊರಗೆ ದೂರದರ್ಶಕ ಇತ್ತು, ಆಕಾಶ ಶುಭ್ರವಾಗಿತ್ತು. ಅವರು ನೋಡಲಿಲ್ಲ. ಇಂದಿಗೂ ಅದು ನನ್ನ ಮನಸ್ಸಿನಲ್ಲಿದೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1826ರಲ್ಲಿ ಮೈಕೆಲ್ ಫ್ಯಾರಡೆ ಶುರುಮಾಡಿದ ಶುಕ್ರವಾರದ ಸಂಜೆ ಉಪನ್ಯಾಸ ಈಗಲೂ ನಡೆಯುತ್ತಿದೆ. ಅಲ್ಲಿ ಮಾತಾಡುವವರ ಪರಿಚಯ ಮಾಡುವ ಪದ್ಧತಿಯೇ ಇಲ್ಲ. ಗಡಿಯಾರ ಹೊಡೆದ ಕೂಡಲೇ ಒಳಗೆ ಬಂದು ಮಾತು ಶುರು ಮಾಡುತ್ತಾರೆ, ಒಂದು ಗಂಟೆಯಲ್ಲಿ ಮುಗಿಸುತ್ತಾರೆ. ಕೇಂಬ್ರಿಜ್‌ನ ಖಗೋಳವಿಜ್ಞಾನ ಸಂಸ್ಥೆಯಲ್ಲಿ ಚಳಿಗಾಲದ ಬುಧವಾರಗಳಂದು ಊರಿನವರಿಗೆ ಬಾಗಿಲು ತೆರೆದಿರುತ್ತದೆ. ಅರ್ಧ ಗಂಟೆ ಮಾತು, ಮೋಡ ಇಲ್ಲದಿದ್ದರೆ ಆಮೇಲೆ ದೂರದರ್ಶಕ. ಈ ಎರಡರಿಂದ ಎರಡು ವಿಷಯ ತೆಗೆದುಕೊಳ್ಳಿ: ಹೊತ್ತಿಗೆ ಸರಿಯಾಗಿ ಶುರು, ಮತ್ತು ವಾರ ತಪ್ಪದ ಕ್ರಮ. ನಮ್ಮಲ್ಲಿ ದೊಡ್ಡವರಿಗೆ ಗೌರವ ಕೊಡದೆ ಆಗುವುದಿಲ್ಲ, ನಿಜ. ಕೊಡೋಣ. ಆದರೆ ಕೊನೆಯಲ್ಲಿ ಕೊಡೋಣ, ಮಕ್ಕಳೆಲ್ಲ ಶನಿಯನ್ನು ನೋಡಿ ಆದ ಮೇಲೆ. ಪ್ರಾಂಶುಪಾಲರನ್ನೇ ಸರದಿಯಲ್ಲಿ ಮೊದಲು ನಿಲ್ಲಿಸಿ ಗುರು ಗ್ರಹದ ನಾಲ್ಕು ಚಂದ್ರರನ್ನು ತೋರಿಸಿ. ಶಾಲಿಗಿಂತ ಅದು ಅವರಿಗೆ ಜಾಸ್ತಿ ಖುಷಿ ಕೊಡುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಿನ ಆರಿಸುವಾಗ ಕ್ಯಾಲೆಂಡರ್‌ಗಿಂತ ಪಂಚಾಂಗ ನೋಡಿ. ಶುಕ್ಲ ಪಕ್ಷದ ಸಪ್ತಮಿಯಿಂದ ದಶಮಿ ಒಳಗಿನ ಶನಿವಾರವೋ ಭಾನುವಾರವೋ ಒಳ್ಳೆಯದು. ಸಂಜೆ ಹೊತ್ತಿಗೆ ಚಂದ್ರ ಮೇಲಿರುತ್ತಾನೆ. ಅರ್ಧ ಬೆಳಕು ಅರ್ಧ ಕತ್ತಲೆಯ ಗೆರೆಯಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು ಎದ್ದು ಕಾಣುತ್ತವೆ. ಹುಣ್ಣಿಮೆ ಇಡಬೇಡಿ. ಹುಣ್ಣಿಮೆ ಚಂದ್ರನಲ್ಲಿ ನೆರಳಿಲ್ಲ, ಬಿಳಿ ತಟ್ಟೆ ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಮೋಡ, ಆಗ ಒಳಗೆ ಕೂತು ಮಾತು. ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಅಂಗಳ.

ನಿಮ್ಮ ಆರು ಇಂಚಿನ ದೂರದರ್ಶಕ ಸಾಕೇ ಸಾಕು. ಆದರೆ ಲೆಕ್ಕ ಹಾಕಿಕೊಳ್ಳಿ. ಒಬ್ಬರು ಕಣ್ಣಿಟ್ಟು, ಹುಡುಕಿ, ಕಂಡು, “ಅಬ್ಬಾ” ಅನ್ನುವಷ್ಟರಲ್ಲಿ ನಲವತ್ತು ಸೆಕೆಂಡ್. ನೂರು ಜನಕ್ಕೆ ಒಂದು ಗಂಟೆ ದಾಟಿತು. ಹಾಗಾಗಿ ಸರದಿಯಲ್ಲಿ ನಿಂತವರ ಜೊತೆ ನಿಮ್ಮವರೊಬ್ಬರು ಯಾವಾಗಲೂ ಮಾತಾಡುತ್ತಾ ಇರಬೇಕು. ಬರಿಗಣ್ಣಿಗೆ ಕಾಣುವುದನ್ನು ತೋರಿಸಬೇಕು. ಸುಮ್ನೆ ಕಾಯುವ ಸರದಿ ಅರ್ಧಕ್ಕೇ ಕರಗುತ್ತದೆ.

ಇನ್ನೊಂದು, ಹೊಸಬರೆಲ್ಲ ತಪ್ಪು ಮಾಡುವ ಜಾಗ. ದೊಡ್ಡದಾಗಿ ಕಾಣಲಿ ಅಂತ 10 ಮಿ.ಮೀ. ಐಪೀಸ್, ಅಂದರೆ ಕಣ್ಣಿಡುವ ಕಡೆಯ ಮಸೂರ, ಹಾಕುತ್ತಾರೆ. ನಿಮ್ಮ ದೂರದರ್ಶಕದ ನಾಭಿದೂರ 1200 ಮಿ.ಮೀ. ಇದ್ದರೆ, ಅದನ್ನು 10ರಿಂದ ಭಾಗಿಸಿ, 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಆಗ ಕಾಣುವ ಆಕಾಶ ಅರ್ಧ ಡಿಗ್ರಿಗಿಂತ ಕಡಿಮೆ. ಭೂಮಿ ತಿರುಗುತ್ತಿರುತ್ತದಲ್ಲ, ಗ್ರಹ ಒಂದೂವರೆ ನಿಮಿಷ ಚಿಲ್ಲರೆಯಲ್ಲಿ ಆ ಕಡೆಯಿಂದ ಈ ಕಡೆ ದಾಟಿ ಹೊರಟೇ ಹೋಗುತ್ತದೆ. ಮೂರನೆಯವರು ಕಣ್ಣಿಟ್ಟಾಗ ಬರೀ ಕತ್ತಲೆ. ಅವರು ನಾಚಿಕೆಗೆ “ಕಾಣ್ತು ಕಾಣ್ತು” ಅಂದು ಸರಿದುಬಿಡುತ್ತಾರೆ. ಅಂಥವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ, ಅದು ನೋಡಲು ಕಷ್ಟವಾಗುತ್ತದೆ. 25 ಮಿ.ಮೀ. ಐಪೀಸ್ ಹಾಕಿ. 48 ಪಟ್ಟು. ಗ್ರಹ ನಾಲ್ಕು ನಿಮಿಷ ಒಳಗೇ ಇರುತ್ತದೆ, ಶನಿಯ ಬಳೆ ಅಷ್ಟಕ್ಕೇ ಚೆನ್ನಾಗಿ ಕಾಣುತ್ತದೆ. ನೋಡಿ ಸರಿದವರನ್ನು “ಏನು ಕಂಡಿತು, ಹೇಳಿ” ಅಂತ ಕೇಳಿ. ಬಳೆ ಯಾವ ಕಡೆ ವಾಲಿತ್ತು, ಎಷ್ಟು ಚುಕ್ಕಿ ಇದ್ದವು ಅಂತ ಹೇಳಿದರೆ ಕಂಡಿದ್ದಾರೆ ಅಂತ. ಇಲ್ಲದಿದ್ದರೆ ಮತ್ತೆ ಕರೆದು ತೋರಿಸಿ. ಶನಿಯ ಬಳೆ 2025ರ ಮಾರ್ಚ್‌ನಲ್ಲಿ ನಮಗೆ ಅಂಚಾಗಿ ತಿರುಗಿ ಗೆರೆಯಷ್ಟು ತೆಳ್ಳಗಾಗಿತ್ತು. ಅಲ್ಲಿಂದ ಈಚೆ ವರ್ಷ ವರ್ಷಕ್ಕೆ ತೆರೆದುಕೊಳ್ಳುತ್ತಾ ಇದೆ. ಪ್ರತಿ ವರ್ಷ ಅದನ್ನು ಕಾಗದದ ಮೇಲೆ ಬರೆದಿಡಿ.

ಜಾಗದ ವಿಷಯ. ಊರಾಚೆಯ ಕ್ಯಾಂಪಸ್ಸಿಗೆ ಸಂಜೆ ಜನ ಬರಲಿ ಅಂತ ಕಾಯಬೇಡಿ. ನೀವೇ ಜನ ಇರುವ ಕಡೆ ಹೋಗಿ. ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರು ಎಷ್ಟು ಜನ! ಒಪ್ಪಿಗೆ ಪಡೆದು ಅಲ್ಲೊಂದು ದೂರದರ್ಶಕ ಇಟ್ಟು ಚಂದ್ರನನ್ನು ತೋರಿಸಿ. ಊರಿನ ಬೆಳಕು ಚಂದ್ರನಿಗೂ ಗ್ರಹಗಳಿಗೂ ಅಡ್ಡಿಯಲ್ಲ. ಅಮೆರಿಕದಲ್ಲಿ ಜಾನ್ ಡಾಬ್ಸನ್ ಅಂತ ಒಬ್ಬರಿದ್ದರು. ಕ್ಯಾಲಿಫೋರ್ನಿಯಾದ ವೇದಾಂತ ಮಠಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಕೈಗೆ ಸಿಕ್ಕ ಗಾಜು, ಪ್ಲೈವುಡ್, ರಟ್ಟಿನ ಕೊಳವೆಯಲ್ಲಿ ದೂರದರ್ಶಕ ಕಟ್ಟಿ ರಸ್ತೆ ಬದಿಯಲ್ಲಿ ಇಟ್ಟುಕೊಂಡು ದಾರಿಹೋಕರನ್ನು ಕರೆದು ಶನಿ ತೋರಿಸುತ್ತಿದ್ದರು. 1968ರಲ್ಲಿ ಅದಕ್ಕಾಗಿ ಗೆಳೆಯರ ಜೊತೆ ಒಂದು ಕೂಟವನ್ನೇ ಕಟ್ಟಿದರು. ನಿಮ್ಮ ಆರು ಇಂಚಿನದು ಮರದ ಪೆಟ್ಟಿಗೆ ಮೇಲೆ ಕೂರುವ ಮಾದರಿ ಆಗಿದ್ದರೆ, ಅದು ಅವರ ಹೆಸರಿನದೇ. ಕೆರೆ ಏರಿಯಲ್ಲಿ ಚಂದ್ರನನ್ನು ನೋಡಿದವರ ಕೈಗೆ ಮುಂದಿನ ಉಪನ್ಯಾಸದ ಚೀಟಿ ಕೊಡಿ. ದಿನಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣಕ್ಕೂ ಕಳಿಸಿ. ದೊಡ್ಡ ಬ್ಯಾನರ್‌ಗೆ ದುಡ್ಡು ಹಾಕಬೇಡಿ. ಮತ್ತು ಎಂಟು ಗಂಟೆಗೆ ಮುಗಿಸಿ. ಹಾಸ್ಟೆಲ್ ಗೇಟು, ಕೊನೇ ಬಸ್ಸು, ಹೆಣ್ಣುಮಕ್ಕಳು ಮನೆ ಸೇರುವ ಹೊತ್ತು, ಇವನ್ನೆಲ್ಲ ನೀವು ಯೋಚಿಸಬೇಕು. ಅಪ್ಪ ಅಮ್ಮನನ್ನೂ ಕರೆತನ್ನಿ ಅಂತ ಚೀಟಿಯಲ್ಲೇ ಬರೆಯಿರಿ.

ವಿಷಯಕ್ಕೆ ಬರವಿಲ್ಲ. ನಮ್ಮ ಊರಿನದೇ ಬೇಕಾದಷ್ಟಿದೆ. ಏಪ್ರಿಲ್ 29ರ ಆಸುಪಾಸು ಸೂರ್ಯ ದಾವಣಗೆರೆಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಸ್ಟೀಲ್ ಲೋಟ ಬೋರಲು ಹಾಕಿದರೆ ಸುತ್ತ ನೆರಳೇ ಇರುವುದಿಲ್ಲ. ಆದರೆ ಆ ಕ್ಷಣ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ, ಸುಮಾರು 12 ಗಂಟೆ 24 ನಿಮಿಷಕ್ಕೆ ಬರುತ್ತದೆ. ಯಾಕೆ? ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕೆ ಇದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷ ತಡ. ಚಿತ್ರದುರ್ಗದಲ್ಲಿ ಒಂದು ದಿನ ಮೊದಲು, 12:22ರ ಸುಮಾರಿಗೆ. ಎರಡೂ ಊರಿನ ಶಾಲೆ ಮಕ್ಕಳು ಫೋನ್‌ನಲ್ಲಿ ಮಾತಾಡಿಕೊಂಡು ಇದನ್ನು ಅಳೆಯಲಿ. ಭೂಮಿ ದುಂಡಗಿದೆ, ತಿರುಗುತ್ತಿದೆ ಅಂತ ಪುಸ್ತಕ ಬೇಡ, ಲೋಟ ಸಾಕು. ಆಗಸ್ಟ್ 13ರ ಆಸುಪಾಸು ಇನ್ನೊಮ್ಮೆ ಆಗುತ್ತದೆ, ಆದರೆ ಆಗ ಮೋಡ.

ಧ್ರುವ ನಕ್ಷತ್ರ ತೋರಿಸಿ ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಅದು ಬಹಳ ಕೆಳಗೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು ಹತ್ತು ಡಿಗ್ರಿ. ಉತ್ತರ ದಿಕ್ಕಿನ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವ. ನಮ್ಮ ಊರಿನ ಅಕ್ಷಾಂಶವೂ ಹದಿನಾಲ್ಕೂವರೆ ಡಿಗ್ರಿ! ತಮ್ಮ ಊರಿನ ಅಕ್ಷಾಂಶವನ್ನು ತಮ್ಮದೇ ಮುಷ್ಟಿಯಲ್ಲಿ ಅಳೆದ ಮಕ್ಕಳ ಮುಖ ನೋಡಬೇಕು ನೀವು. ಧ್ರುವ ಕೆಳಗಿರುವುದಕ್ಕೇ ನಮಗೆ ತೆಂಕಣ ಆಕಾಶ ಜಾಸ್ತಿ ಸಿಕ್ಕಿದೆ. ಅಗಸ್ತ್ಯ ಕಾಣುತ್ತದೆ. ಏಪ್ರಿಲ್, ಮೇ ರಾತ್ರಿಗಳಲ್ಲಿ ತ್ರಿಶಂಕು ಕಾಣುತ್ತದೆ. ಲಂಡನ್ನಿನವರಿಗೆ ಈ ಎರಡೂ ಇಲ್ಲ.

ಇನ್ನೂ ಒಂದು ನನಗೆ ಬಹಳ ಪ್ರೀತಿಯ ವಿಷಯ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ, ಕ್ರಿ.ಪೂ. ಮೂರನೇ ಶತಮಾನದವು. ಆ ಬಂಡೆ ಮೇಲೆ ಉಳಿ ಹಿಡಿದು ಕೂತಿದ್ದವನಿಗೆ ರಾತ್ರಿ ಕಂಡ ಆಕಾಶ ನಮ್ಮದಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ಇವತ್ತಿನ ಧ್ರುವ ನಕ್ಷತ್ರ ಆಗ ಧ್ರುವದಿಂದ ಹನ್ನೆರಡು ಡಿಗ್ರಿಗೂ ಹೆಚ್ಚು ದೂರ ಇತ್ತು. ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಸುತ್ತುತ್ತಿತ್ತು. ಇದೇ ಓಲಾಟದಿಂದ ಮಳೆ ನಕ್ಷತ್ರವೂ ಸರಿಯುತ್ತದೆ, ಸುಮಾರು 72 ವರ್ಷಕ್ಕೆ ಒಂದು ದಿನ. ಅಶೋಕನ ಕಾಲಕ್ಕೂ ನಮಗೂ ಒಂದು ತಿಂಗಳ ವ್ಯತ್ಯಾಸ. ಆಗ ಸೂರ್ಯ ರೋಹಿಣಿಗೆ ಬರುತ್ತಿದ್ದದ್ದು ಬೇಸಿಗೆಯ ನಡುವೆ. ಮಳೆಯ ಹೊತ್ತು ಅಲ್ಲೇ ಇದೆ, ನಕ್ಷತ್ರ ಜರುಗಿದೆ. ಬ್ರಹ್ಮಗಿರಿಯ ಕೆಳಗಿನ ಊರಲ್ಲಿ ಈ ಮಾತಾಡಿದಾಗ ಒಬ್ಬ ರೈತರು, “ಹಂಗಾದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಗಾದೆನೂ ಬದಲಾಯಿಸ್ಬೇಕಾ?” ಅಂದರು. ಮೊಮ್ಮಕ್ಕಳಿಗೆ ಒಂದು ದಿನದ ವ್ಯತ್ಯಾಸ ಅಷ್ಟೇ, ಗಾದೆ ಇರಲಿ ಅಂದೆ.

ಹೊಸ ಕಾಲದ್ದು ಬೇಕಾದರೆ ಚಳ್ಳಕೆರೆ ಇದೆಯಲ್ಲ. ಅಲ್ಲಿನ ರನ್‌ವೇ ಮೇಲೆ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ವಾಹನ ತಾನಾಗೇ ಇಳಿಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. 2024ರಲ್ಲಿ ಇನ್ನೆರಡು ಸಲ ಇಳಿಯಿತು, ಆಗ ಹೆಸರು ಪುಷ್ಪಕ್. ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿ ಕಲಿತು ಬಂದ ಹೈಸ್ಕೂಲ್ ಮೇಷ್ಟ್ರುಗಳು ನಿಮ್ಮ ತಾಲ್ಲೂಕಿನಲ್ಲೇ ಸಿಗಬಹುದು, ಅವರನ್ನು ಮಾತಿಗೆ ಕರೆಯಿರಿ. ಬೆಂಗಳೂರಿನಿಂದ ಕರೆಸುವುದಾದರೆ ಹೆಸರಾಂತ ವಿಜ್ಞಾನಿಗಿಂತ ಕನ್ನಡ ಮಾತಾಡುವ ಸಂಶೋಧನಾ ವಿದ್ಯಾರ್ಥಿಯನ್ನು ಕರೆಸಿ. ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿಗಳಲ್ಲಿ ನಮ್ಮ ಕಡೆಯ ಮಕ್ಕಳಿದ್ದಾರೆ. ರೈಲು ಚಾರ್ಜು, ಒಂದು ರಾತ್ರಿ ಉಳಿಯುವ ವ್ಯವಸ್ಥೆ, ಬೆಳಿಗ್ಗೆ ಬೆಣ್ಣೆ ದೋಸೆ. ಇಷ್ಟಕ್ಕೆ ಅವರು ಸಂತೋಷದಿಂದ ಬರುತ್ತಾರೆ. ಸಭೆಯಲ್ಲಿ ಕೂತ ಹತ್ತನೇ ಕ್ಲಾಸಿನ ಹುಡುಗಿಗೆ, ಈ ಅಕ್ಕ ನಮ್ಮ ಹರಿಹರದವಳು, ಈಗ ಸೂರ್ಯನ ಮೇಲೆ ಕೆಲಸ ಮಾಡುತ್ತಿದ್ದಾಳೆ ಅಂತ ಗೊತ್ತಾದರೆ ಅದರ ಬೆಲೆ ಬೇರೆ.

ಮುಂದಿನ ಕಾರ್ಯಕ್ರಮಕ್ಕೆ ಒಂದು ತೆಂಗಿನಕಾಯಿ, ಒಂದು ಸಣ್ಣ ನಿಂಬೆಹಣ್ಣು ತನ್ನಿ. ಕಾಯಿ ಭೂಮಿ, ನಿಂಬೆ ಚಂದ್ರ. ಗಾತ್ರದ ಲೆಕ್ಕ ಹೆಚ್ಚುಕಮ್ಮಿ ಸರಿಯಾಗುತ್ತದೆ. ಇಬ್ಬರು ಮಕ್ಕಳ ಕೈಗೆ ಕೊಟ್ಟು, ಇವೆರಡರ ನಡುವೆ ಎಷ್ಟು ದೂರ ಇರಬೇಕು, ನಿಂತು ತೋರಿಸಿ ಅನ್ನಿ. ಎಲ್ಲರೂ ಒಂದು ಗೇಣು, ಒಂದು ಮೊಳ ಅಂತ ನಿಲ್ಲುತ್ತಾರೆ. ಸಭೆಯವರನ್ನೂ ಕೇಳಿ, ಅವರೂ ಹಾಗೇ ಅನ್ನುತ್ತಾರೆ. ನಿಂಬೆ ಹಿಡಿದ ಮಗುವನ್ನು ಹಿಂದೆ ಹಿಂದೆ ಕಳಿಸಿ. ಮೂವತ್ತು ತೆಂಗಿನಕಾಯಿ ಸಾಲಾಗಿ ಇಟ್ಟಷ್ಟು ದೂರ, ಮೂರೂವರೆ ಮೀಟರ್‌ಗೂ ಸ್ವಲ್ಪ ಜಾಸ್ತಿ. ಆಮೇಲೆ ಸೂರ್ಯ ಎಲ್ಲಿ ಅಂತ ಕೇಳಿ. ನಾಲ್ಕು ಮಹಡಿ ಕಟ್ಟಡದಷ್ಟು ಎತ್ತರದ ಬೆಂಕಿ ಉಂಡೆ, ಅಲ್ಲಿಂದ 1.4 ಕಿಲೋಮೀಟರ್ ಆಚೆ. ಅದು ನಿಮ್ಮ ಸಭಾಂಗಣದಿಂದ ಯಾವ ಸರ್ಕಲ್ಲಿಗೆ ಬರುತ್ತದೆ ಅಂತ ಮೊದಲೇ ಅಳೆದಿಟ್ಟುಕೊಂಡು ಆ ಸರ್ಕಲ್ಲಿನ ಹೆಸರು ಹೇಳಿ.

ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡು ಬಾಗಿಲ ಹತ್ತಿರ ಇಡಿ. ಬಂದವರು ಕೇಳಿದ ಪ್ರತಿ ಪ್ರಶ್ನೆಯನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ಅದರಲ್ಲೊಂದು ಪ್ರಶ್ನೆಯೇ ಮುಂದಿನ ತಿಂಗಳ ವಿಷಯ ಆಗಲಿ. ಕೇಳಿದವರಿಗೆ ಫೋನ್ ಮಾಡಿ, “ನಿಮ್ಮ ಪ್ರಶ್ನೆಗೆ ಉತ್ತರ ಈ ತಿಂಗಳು, ಬನ್ನಿ” ಅನ್ನಿ. ಆ ನಾಲ್ಕು ಜನರಿಂದಲೇ ಶುರುಮಾಡಿ. ತಿಂಗಳ ದಿನ ಗೊತ್ತುಮಾಡಿದ ಮೇಲೆ ನನಗೂ ಒಂದು ಮಾತು ತಿಳಿಸಿ. ಅಷ್ಟಮಿ ಆದರೆ ಚಿತ್ರದುರ್ಗದಿಂದ ಸಂಜೆ ಬಸ್ಸಿಗೆ ಬರುತ್ತೇನೆ, 25 ಮಿ.ಮೀ. ಐಪೀಸ್ ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ.